ಅಪ್ಪ-ಅವ್ವನ ಮದುವೆ ನೆನಪಿಗೆ ಕಾಡಂಚಿನಲ್ಲಿ ಎರಡು ದಿನ, ನಾಯಿ ಸಮೇತ

ನಮ್ಮ ಕಡೆ ಮದುವೆಗಳು ಹೆಚ್ಚಾಗಿ ಆಗುವುದು ಯುಗಾದಿ ಮುಗಿದ ಮೇಲೆ, ಏಪ್ರಿಲ್-ಮೇ ತಿಂಗಳಲ್ಲಿ. ಹೊಲ ಖಾಲಿ, ಸಾಲಿಗೆ ಸೂಟಿ, ಬೀಗರಿಗೂ ಬಿಡುವು. ಹಾಗಾಗಿ ಅಪ್ಪ-ಅವ್ವನ ನಲವತ್ತನೆಯದೋ ಐವತ್ತನೆಯದೋ ಮದುವೆ ದಿನ ಬರುವುದೂ ಅದೇ ಉರಿಬಿಸಿಲಿನಲ್ಲಿ. ಮನೆಯಲ್ಲಿ ನಾಯಿ ಇದ್ದರೆ ಮೊದಲ ತೊಡಕು ಇಲ್ಲೇ. ನಾಯಿಗೆ ನಮ್ಮಂತೆ ಮೈತುಂಬ ಬೆವರು ಬರುವುದಿಲ್ಲ, ತೇಕಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಮೇ ತಿಂಗಳ ಮಧ್ಯಾಹ್ನ ಕಾರು, ಟೆಂಟು, ತಗಡಿನ ಶೆಡ್ಡು ಮೂರೂ ಅದಕ್ಕೆ ಒಲೆಗಳೇ. ಆದ್ದರಿಂದ ತಾರೀಖಿಗೆ ಅಂಟಿಕೊಳ್ಳಬೇಡಿ. ಮದುವೆ ದಿನ ಮನೆಯಲ್ಲೇ ಗೋದಿ ಹುಗ್ಗಿ ಮಾಡಿ, ದೇವಸ್ಥಾನಕ್ಕೆ ಹೋಗಿ ಬನ್ನಿ. ಕಾಡಿನ ಎರಡು ದಿನವನ್ನು ತುಳಸಿ ಲಗ್ನ ಆದ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರುವರಿ ನಡುವಿನ ಯಾವುದಾದರೂ ಶನಿವಾರ-ರವಿವಾರಕ್ಕೆ ಇಟ್ಟುಕೊಳ್ಳಿ. ಮಳೆಗಾಲ ಬೇಡವೇ ಬೇಡ: ಇಂಬಳ, ಕೆಸರು, ನಿಂತ ನೀರಿನಿಂದ ಬರುವ ಇಲಿಜ್ವರ, ಇವು ನಾಯಿಗೂ ಮನುಷ್ಯರಿಗೂ ಒಂದೇ.

ಎರಡು ದಿನದ ವೇಳಾಪಟ್ಟಿ ಬರೆಯಬೇಕಾದ್ದು ನಾಯಿಯ ಹೊಟ್ಟೆ, ನಿದ್ದೆ, ಓಡಾಟ ನೋಡಿ. ನಾಯಿ ದಣಿದು, ಉಂಡು ಮಲಗಿದ ಹೊತ್ತೇ ಹಿರಿಯರು ಮದುವೆಯ ಕಥೆಗೆ ಬಾಯಿ ಬಿಡುವ ಹೊತ್ತು, ಅದನ್ನು ಕೇಳಿ ರೆಕಾರ್ಡ್ ಮಾಡಿಕೊಳ್ಳುವುದೇ ಈ ಎರಡು ದಿನದ ಮುಖ್ಯ ಕೆಲಸ. ಇದನ್ನು ಉಲ್ಟಾ ಮಾಡಿದರೆ ಅತ್ತ ನಾಯಿ ಬೊಗಳುತ್ತಲೇ ಇರುತ್ತದೆ, ಇತ್ತ ಕಥೆ ‘ಇರ್ಲಿ ಬಿಡ್ರಿ, ನಾಳೆ ಹೇಳಿದರಾತು’ ಎಂಬಲ್ಲಿಗೆ ನಿಲ್ಲುತ್ತದೆ. ಆ ನಾಳೆ ಬರುವುದಿಲ್ಲ.

ನಾಯಿಗೆ ಸಲ್ಲುವ ಕಾಡು

ದಾಂಡೇಲಿಯ ಹೆಸರು ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. ಧಾರವಾಡದಿಂದ ಸುಮಾರು 55 ಕಿ.ಮೀ. ಆದರೆ ಅದಕ್ಕೆ ಹೊಂದಿದ ದಟ್ಟ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ-ಅಣಶಿ ಎಂಬ ಹಳೆಯ ಹೆಸರು ಹೋಗಿ ಈ ಹೆಸರು ಬಂದದ್ದು 2015ರಲ್ಲಿ. ಅದರೊಳಗೆ ಸಾಕುನಾಯಿ ಒಯ್ಯುವ ವಿಚಾರ ಬಿಡಿ. ಗದಗಿನವರು ಕಪ್ಪತಗುಡ್ಡ ಹತ್ತಿರವಾಯಿತಲ್ಲ ಎನ್ನುತ್ತಾರೆ. ಅದೂ 2019ರಿಂದ ವನ್ಯಜೀವಿ ಧಾಮ. ಹಾವೇರಿಯವರಿಗೆ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, ಬಂಕಾಪುರದ ನವಿಲುಧಾಮ ಇವೆ, ಮುಂಡಗೋಡ ಬದಿಗೆ ಅತ್ತಿವೇರಿ ಪಕ್ಷಿಧಾಮವಿದೆ. ನಾಯಿ ಜೊತೆಗಿದ್ದರೆ ಇವನ್ನೆಲ್ಲ ಬದಿಗಿಡಿ.

ಇದು ಬರೀ ಗೇಟಿನಲ್ಲಿ ತಡೆಯುವ ಕಾವಲುಗಾರನ ಮಾತಲ್ಲ. ನಾಯಿಗೆ ಬರುವ ಡಿಸ್ಟೆಂಪರ್ ರೋಗ ನರಿ, ಕಾಡುನಾಯಿ, ಚಿರತೆ, ಹುಲಿಗೂ ಹರಡುತ್ತದೆ. ಇನ್ನು ನಿಮ್ಮ ನಾಯಿ ನವಿಲಿನ ಹಿಂದೆ ಓಡಿತು ಅನ್ನಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದೂ ಅದರೊಳಗೇ ಬರುತ್ತದೆ. ನವಿಲು ಆ ಕಾಯ್ದೆಯ ಮೊದಲ ಪರಿಚ್ಛೇದದ ಪಕ್ಷಿ.

ಉಳಿಯುವುದು ಕಾಡಿನ ಅಂಚು. ಅಳ್ನಾವರ, ಕಲಘಟಗಿ, ಹಳಿಯಾಳ, ಮುಂಡಗೋಡ, ಹಾನಗಲ್ ಪಶ್ಚಿಮದ ಊರುಗಳ ಬದಿಗೆ ಖಾಸಗಿ ತೋಟ, ಹೋಮ್‌ಸ್ಟೇ, ಕ್ಯಾಂಪುಗಳು ಇವೆ. ಹುಬ್ಬಳ್ಳಿಯಿಂದ ಕಲಘಟಗಿ ಸುಮಾರು 30 ಕಿ.ಮೀ. ಮಾತ್ರ. ಮೊದಲ ಸಲ ನಾಯಿ ಒಯ್ಯುವವರು ಒಂದೂವರೆ ತಾಸಿನ ದಾರಿಯ ಒಳಗೇ ಜಾಗ ಹುಡುಕುವುದು ಜಾಣತನ. ಏನಾದರೂ ಹೆಚ್ಚುಕಡಿಮೆಯಾದರೆ ರಾತ್ರಿಯೇ ಮನೆಗೆ ಬರಬಹುದು.

ಬುಕ್ ಮಾಡುವ ಮುಂಚೆ ಕೇಳಬೇಕಾದ್ದು

‘ನಾಯಿ ತರಬಹುದಾ?’ ಎಂದು ಕೇಳಿದರೆ ‘ಹೂಂ, ತರ್ರಿ’ ಎಂದೇ ಉತ್ತರ ಬರುತ್ತದೆ. ಅದರ ಅರ್ಥ ಎಷ್ಟೋ ಸಲ ‘ಹೊರಗೆ ಗಿಡಕ್ಕೆ ಕಟ್ಟಿರಿ’ ಅಂತ. ಕಾಡಂಚಿನಲ್ಲಿ ಅದು ಆಗದ ಮಾತು. ಚಿರತೆಗೆ ಕಟ್ಟಿದ ನಾಯಿಗಿಂತ ಸುಲಭದ ಊಟ ಇಲ್ಲ. ಹಾಗಾಗಿ ಪ್ರಶ್ನೆ ಹೀಗಿರಲಿ: ರಾತ್ರಿ ನಾಯಿ ನಮ್ಮ ಕೋಣೆಯೊಳಗೇ ಮಲಗಬಹುದೇ? ಇಲ್ಲ ಎಂದರೆ ಅಲ್ಲಿಗೇ ಫೋನ್ ಇಡಿ.

ಬೇಲಿಯ ಎತ್ತರ ಕೇಳಿ. ಪಗ್, ಡ್ಯಾಶ್‌ಹೌಂಡಿಗೆ ಮೂರಡಿ ಸಾಕು. ಮುಧೋಳ ನಾಯಿಗೆ ಐದಡಿಯ ಗೋಡೆಯೂ ಅಂಥ ದೊಡ್ಡದಲ್ಲ. ಅದು ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಮೊಲವೊಂದು ಅಲ್ಲಾಡಿದರೆ ಸಾಕು, ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಮುಧೋಳ, ಅದರಂಥದೇ ಬೇಟೆ ನಾಯಿ ಪಶ್ಮಿ ಸಾಕಿದವರು ಆ ಎರಡು ದಿನ ಬೇಲಿಯೊಳಗೂ ಹಗ್ಗ ಬಿಡದಿರುವುದು ಒಳ್ಳೆಯದು. ಹತ್ತು ಮೀಟರಿನ ಹತ್ತಿ ಹಗ್ಗ ಕೊಂಡರೆ ಓಡಾಟವೂ ಆಗುತ್ತದೆ, ಹಿಡಿತವೂ ಇರುತ್ತದೆ. ಅದನ್ನು ಕೊರಳ ಪಟ್ಟಿಗೆ ಕಟ್ಟಬೇಡಿ, ಎದೆಗೆ ಹಾಕುವ ಹಾರ್ನೆಸ್ಸಿಗೆ ಕಟ್ಟಿ. ಓಡಿ ಹಗ್ಗದ ತುದಿ ಮುಟ್ಟಿದಾಗ ಕುತ್ತಿಗೆಗೆ ಬೀಳುವ ಜಗ್ಗು ಸಣ್ಣದಲ್ಲ.

ಅಲ್ಲಿಯದೇ ನಾಯಿಗಳು ಎಷ್ಟು, ಅವಕ್ಕೆ ಚುಚ್ಚುಮದ್ದು ಆಗಿದೆಯೇ, ನಾವು ಬಂದಾಗ ಕಟ್ಟುತ್ತಾರೆಯೇ? ಕೋಳಿ, ಕುರಿ, ಆಕಳು ಬಿಟ್ಟು ಮೇಯಿಸುತ್ತಾರೆಯೇ? ಅಡಿಕೆ ಒಣಗಿಸುವ ಅಂಗಳ ಇದೆಯೇ? ಅಡಿಕೆ ತಿಂದ ನಾಯಿಗೆ ಜೊಲ್ಲು, ವಾಂತಿ, ನಡುಕ ಬರುತ್ತದೆ. ಇಲಿ ಪಾಷಾಣ ಎಲ್ಲಿ ಇಟ್ಟಿದ್ದಾರೆ? ಕೊನೆಯದು, ಕೇಳಲು ಮುಜುಗರವಾದರೂ ಕೇಳಲೇಬೇಕಾದದ್ದು: ಸುತ್ತಲ ಗೋವಿನಜೋಳದ ಹೊಲಗಳಲ್ಲಿ ಕಾಡುಹಂದಿಗೆ ಉರುಲು, ಸಿಡಿಮದ್ದು, ಕರೆಂಟಿನ ತಂತಿ ಇಡುವವರಿದ್ದಾರೆಯೇ? ಹಂದಿಗೆಂದು ಹಿಟ್ಟಿನೊಳಗೆ ಸುತ್ತಿಟ್ಟ ಮದ್ದಿಗೆ ಬಾಯಿ ಹಾಕಿ ದವಡೆ ಕಳೆದುಕೊಳ್ಳುವ ನಾಯಿಗಳು ಕಡಿಮೆಯಲ್ಲ. ತೋಟದ ಯಜಮಾನ ಪ್ರಾಮಾಣಿಕನಾದರೆ ಯಾವ ದಿಕ್ಕಿಗೆ ಹೋಗಬಾರದು ಎಂದು ಹೇಳುತ್ತಾನೆ.

ಮೂರು ವಾರ ಮುಂಚೆ

ರೇಬೀಸ್ ಚುಚ್ಚುಮದ್ದು ಮೈಗೆ ಹತ್ತಲು ಸುಮಾರು ಮೂರು ವಾರ ಬೇಕು. ಹೋಗುವ ಹಿಂದಿನ ದಿನ ಹಾಕಿಸಿದರೆ ಪುಸ್ತಕದಲ್ಲಿ ಸಹಿ ಬೀಳುತ್ತದೆ, ರಕ್ಷಣೆ ಸಿಗುವುದಿಲ್ಲ. ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಸೇರಿದ ಕೂಡು ಲಸಿಕೆಯ ವಾಯಿದೆ ಮುಗಿದಿದ್ದರೆ ಅದನ್ನೂ ಆಗಲೇ ಹಾಕಿಸಿ. ಚುಚ್ಚುಮದ್ದುಗಳು ಇನ್ನೂ ಮುಗಿಯದ ಮರಿಯನ್ನು ಒಯ್ಯಬೇಡಿ.

ಉಣ್ಣಿಯ ಔಷಧಿಯಲ್ಲಿ ಎರಡು ಬಗೆ. ಬೆನ್ನ ಮೇಲೆ, ಹೆಗಲುಗಳ ನಡುವೆ ಹನಿಸುವುದು ತಿಂಗಳು ನಡೆಯುತ್ತದೆ. ಹನಿಸುವ ಎರಡು ದಿನ ಮೊದಲೂ ಎರಡು ದಿನ ನಂತರವೂ ಸ್ನಾನ ಮಾಡಿಸಬಾರದು. ಚರ್ಮದ ಎಣ್ಣೆ ಹೋದರೆ ಔಷಧಿ ಹರಡುವುದೇ ಇಲ್ಲ, ‘ಔಷಧಿ ಹಾಕಿದರೂ ಉಣ್ಣಿ ಹತ್ತಿತು’ ಎಂಬ ದೂರು ಹುಟ್ಟುವುದು ಹೆಚ್ಚಾಗಿ ಇಲ್ಲೇ. ತಿನ್ನಿಸುವ ಗುಳಿಗೆಗಳಲ್ಲಿ ಕೆಲವು ಒಂದು ತಿಂಗಳು, ಕೆಲವು ಮೂರು ತಿಂಗಳ ಹತ್ತಿರ ನಡೆಯುತ್ತವೆ. ಮೂರ್ಛೆ ಬರುವ ನಾಯಿಗಾದರೆ ಡಾಕ್ಟರಿಗೆ ಅದನ್ನು ಮೊದಲೇ ಹೇಳಿ.

ಇದೇ ಮೂರು ವಾರದಲ್ಲಿ ಮದುವೆಯ ಆಲ್ಬಮ್ಮಿನ ಕೆಲಸವೂ ಆಗಬೇಕು. ಮೂಲ ಆಲ್ಬಂ ಕಾಡಿಗೆ ಹೊರಡಬಾರದು. ಚಳಿಗಾಲದ ಇಬ್ಬನಿ, ಒಲೆಯ ಹೊಗೆ, ನಾಯಿಯ ಬಾಲ, ಈ ಮೂರರಲ್ಲಿ ಒಂದು ಸಾಕು. ಎಂಬತ್ತು-ತೊಂಬತ್ತರ ದಶಕದ ಆಲ್ಬಂಗಳಲ್ಲಿ ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಆ ಅಂಟು ವರ್ಷ ಕಳೆದಂತೆ ಹಳದಿಯಾಗಿ ಫೋಟೊವನ್ನು ಹಿಡಿದುಬಿಡುತ್ತದೆ. ಉಗುರಿನಿಂದ ಎಬ್ಬಿಸಲು ಹೋದರೆ ಮೂಲೆ ಹರಿಯುತ್ತದೆ. ಹಲ್ಲು ಸ್ವಚ್ಛ ಮಾಡುವ ದಾರ, ಮೇಣ ಹಚ್ಚದ್ದು, ತೆಗೆದುಕೊಂಡು ಫೋಟೊದ ಕೆಳಗೆ ತೂರಿಸಿ, ಎರಡೂ ಕೈಯಿಂದ ಗರಗಸದಂತೆ ಮೆಲ್ಲಗೆ ಎಳೆಯುತ್ತ ಬನ್ನಿ. ಬಾರದಿದ್ದರೆ ಬಿಡಿ, ಪ್ಲಾಸ್ಟಿಕ್ ಮಾತ್ರ ಎತ್ತಿ ಹಾಳೆಯಲ್ಲೇ ಸ್ಕ್ಯಾನ್ ಮಾಡಿ. ಪೋಸ್ಟ್ ಕಾರ್ಡ್ ಅಳತೆಯ ಫೋಟೊಕ್ಕೆ 600 ಡಿಪಿಐ, ಅದಕ್ಕಿಂತ ಸಣ್ಣದಕ್ಕೆ 1200. ಸ್ಕ್ಯಾನರ್ ಇಲ್ಲದಿದ್ದರೆ ಫೋನೇ ಆಗಲಿ. ಫ್ಲ್ಯಾಶ್ ಆರಿಸಿ, ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ ಇಟ್ಟು, ಫೋನನ್ನು ಫೋಟೊಕ್ಕೆ ಸಮಾಂತರವಾಗಿ ಹಿಡಿಯಿರಿ.

ಎಲ್ಲ ಫೋಟೊಗಳೂ ಬೇಡ. ಮೂವತ್ತು-ನಲವತ್ತು ಸಾಕು. ಗಂಡು-ಹೆಣ್ಣು ಮಾಲೆ ಹಾಕಿಕೊಂಡು ನಿಂತ ಫೋಟೊ ಎಷ್ಟಿದ್ದರೂ ಕಥೆ ಒಂದೇ. ಕಥೆ ಇರುವುದು ಗುಂಪಿನ ಫೋಟೊಗಳಲ್ಲಿ, ಪಂಕ್ತಿಯ ಫೋಟೊದಲ್ಲಿ, ಹಿಂದೆ ಹಂದರದ ಕಂಬಕ್ಕೆ ಆತು ನಿಂತ ಯಾರೋ ಒಬ್ಬರಲ್ಲಿ. ಗುಂಪಿನ ಫೋಟೊಗಳನ್ನು ಎ4 ಅಳತೆಗೆ, ಉಳಿದವನ್ನು 4×6ಕ್ಕೆ ಮ್ಯಾಟ್ ಕಾಗದದಲ್ಲಿ ತೆಗೆಸಿ. ಹೊಳೆಯುವ ಕಾಗದ ಬಲ್ಬಿನ ಬೆಳಕಿಗೆ ಮಿಂಚಿ, ವಯಸ್ಸಾದ ಕಣ್ಣಿಗೆ ಏನೂ ಕಾಣುವುದಿಲ್ಲ. ಹಿಂಬದಿಗೆ ಪೆನ್ಸಿಲಿನಲ್ಲಿ ನಂಬರು ಹಾಕಿ, ಬಾಲ್ ಪೆನ್ನು ಒತ್ತಿದರೆ ಮುಂದೆ ಮೂಡುತ್ತದೆ.

ಕಪಾಟಿನ ತಳದಲ್ಲಿ ಮದುವೆಯ ವಿಡಿಯೊ ಕ್ಯಾಸೆಟ್ ಸಿಕ್ಕರೆ ಹುಮ್ಮಸ್ಸಿಗೆ ಹಾಕಿ ನೋಡಬೇಡಿ. ಕಿಟಕಿಯಿಂದ ಒಳಗಿನ ಟೇಪಿನ ಸುರುಳಿ ನೋಡಿ: ಬಿಳಿ ಪುಡಿಯಂತೆ ಕಂಡರೆ ಅದು ಬೂಸ್ಟು. ಹಾಗೇ ಓಡಿಸಿದರೆ ಟೇಪೂ ಹರಿಯುತ್ತದೆ, ಪ್ಲೇಯರಿನ ಹೆಡ್ಡೂ ಕೆಡುತ್ತದೆ. ಸ್ವಚ್ಛ ಮಾಡಿ ಎಂಪಿ4 ಮಾಡಿಕೊಡುವವರ ಕೈಗೆ ಕೊಟ್ಟು, ಕ್ಯಾಸೆಟ್ಟನ್ನು ಮರಳಿ ಪಡೆಯಿರಿ.

ಫೋಟೊಗಿಂತ ಬೆಲೆಯುಳ್ಳದ್ದು ಇನ್ನೊಂದಿದೆ, ಆಯೇರಿ ಬರೆದ ನೋಟುಬುಕ್ಕು. ಯಾರು ಎಷ್ಟು ರೂಪಾಯಿ, ಯಾರು ಸ್ಟೀಲಿನ ಹರಿವಾಣ, ಯಾರು ಕುಪ್ಪಸದ ಬಟ್ಟೆ ಹಾಕಿದರು ಎಂಬ ಆ ಪಟ್ಟಿಯ ಒಂದು ಪುಟ ಓದಿದರೆ ಅರ್ಧ ಊರು ಎದ್ದು ಬರುತ್ತದೆ. ಅದರ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.

ಕಟ್ಟಿಕೊಳ್ಳುವ ಸಾಮಾನು

ನಾಯಿಗೆ ದಿನಾ ಹಾಕುವ ಊಟವೇ ಎರಡು ದಿನದ್ದು, ಮೇಲೆ ಒಂದು ಹೊತ್ತಿನದು. ಹೊಸ ಜಾಗದಲ್ಲಿ ಹೊಸ ಊಟ ಹಾಕಿದರೆ ರಾತ್ರಿ ಎರಡಕ್ಕೆ ಭೇದಿ ಶುರುವಾಗುತ್ತದೆ. ನೀರು ಒಂದು ಕಿಲೊ ತೂಕಕ್ಕೆ ದಿನಕ್ಕೆ 50-60 ಮಿ.ಲೀ. ಲೆಕ್ಕ: 25 ಕಿಲೊದ ಲ್ಯಾಬ್ರಡಾರಿಗೆ ಒಂದೂವರೆ ಲೀಟರು, ಅಡ್ಡಾಡಿದರೆ ಎರಡೂವರೆ-ಮೂರು. ಹಳ್ಳ, ಕೆರೆಯ ನೀರು ಕುಡಿಸಬೇಡಿ. ಮನೆಯ ಹಳೆಯ ಕೌದಿ ಒಂದು ಇರಲೇಬೇಕು. ಟೆಂಟಿನ ತಳ ಉಗುರಿಗೆ ಹರಿಯದಂತೆ ಕಾಯುತ್ತದೆ, ಚಳಿ ತಡೆಯುತ್ತದೆ, ಎಲ್ಲಕ್ಕಿಂತ ಮನೆಯ ವಾಸನೆ ಇರುವುದರಿಂದ ನಾಯಿ ಅದರ ಮೇಲೆ ತಾನೇ ಹೋಗಿ ಮಲಗುತ್ತದೆ. ಹೊಸ ಹಾಸಿಗೆ ಕೊಂಡು ಒಯ್ದವರ ನಾಯಿ ರಾತ್ರಿಯೆಲ್ಲ ಸುತ್ತುತ್ತದೆ.

ಔಷಧಿ ಡಬ್ಬಿಯಲ್ಲಿ: ಹತ್ತಿ, ನಾಲ್ಕು ಇಂಚಿನ ಕ್ರೇಪ್ ಬ್ಯಾಂಡೇಜು ಎರಡು, ಪೊವಿಡೋನ್ ಅಯೊಡಿನ್, ಸಲೈನ್ ಬಾಟಲಿ, ಚೂಪು ತುದಿಯ ಚಿಮಟ, ಸ್ಪಿರಿಟ್ ಹಾಕಿದ ಸಣ್ಣ ಶೀಶೆ, ಡಿಜಿಟಲ್ ಥರ್ಮಾಮೀಟರು, ಬಾಯಿಪಟ್ಟಿ. ನೋವಾದ ನಾಯಿ ಯಜಮಾನನನ್ನೂ ಕಚ್ಚುತ್ತದೆ, ಅದಕ್ಕೆ ಬಾಯಿಪಟ್ಟಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಮ್ಮ ಡಬ್ಬಿಯಲ್ಲೇ ಇರಲಿ, ನಾಯಿಗೆ ಎರಡೂ ವಿಷ.

ಹೋಗುವ ತಾಲೂಕಿನ ಪಶು ಆಸ್ಪತ್ರೆಯ ನಂಬರು, ರವಿವಾರ ಸಿಗುವ ಒಬ್ಬ ಖಾಸಗಿ ಪಶುವೈದ್ಯರ ನಂಬರು, ಪಶು ಸಹಾಯವಾಣಿ 1962, ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಕಾಡಂಚಿನಲ್ಲಿ ಇಂಟರ್‌ನೆಟ್ ಸಿಗುತ್ತದೆ ಎಂದು ನಂಬಬೇಡಿ. ಹಾವಿನ ವಿಷಕ್ಕೆ ಔಷಧಿ ಯಾರ ಬಳಿ ಇರುತ್ತದೆ ಎಂಬುದನ್ನು ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳಿ.

ಶನಿವಾರ

ಶುಕ್ರವಾರ ರಾತ್ರಿ ಎಂಟಕ್ಕೆ ನಾಯಿಗೆ ಊಟ. ಬೆಳಿಗ್ಗೆ ಸ್ವಲ್ಪ ನೀರು ಮಾತ್ರ. ಆರಕ್ಕೆ ಹೊರಟರೆ ಖಾಲಿ ಹೊಟ್ಟೆಯಲ್ಲಿ ದಾರಿ ಮುಗಿಯುತ್ತದೆ, ಕಾರಿನಲ್ಲಿ ವಾಂತಿ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ, ಹಾರ್ನೆಸ್ಸನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಿ ಕೂರಿಸಿ. ಕಿಟಕಿಯಿಂದ ತಲೆ ಹೊರಹಾಕಿದ ನಾಯಿ ನೋಡಲು ಚಂದ, ಆದರೆ ಕಬ್ಬಿನ ಟ್ರ್ಯಾಕ್ಟರುಗಳ ಹಳಿಯಾಳ ರಸ್ತೆಯಲ್ಲಿ ಕಣ್ಣಿಗೆ ರವದಿ, ದೂಳು ಬೀಳುತ್ತದೆ. ಚಾದಂಗಡಿ ಮುಂದೆ ಎಲ್ಲರೂ ಇಳಿದು ಗಿರಮಿಟ್ ತಿನ್ನುವಾಗ ಕಾರಿನಲ್ಲಿ ನಾಯಿಯೊಂದನ್ನೇ ಬಿಡಬೇಡಿ. ಚಳಿಗಾಲದ ಬಿಸಿಲಿಗೂ ಮುಚ್ಚಿದ ಕಾರು ಹತ್ತಿಪ್ಪತ್ತು ನಿಮಿಷದಲ್ಲಿ ಕಾಯುತ್ತದೆ.

ಎರಡು ಮನೆಯವರು ತಮ್ಮ ತಮ್ಮ ನಾಯಿ ತರುವುದಿದ್ದರೆ ತೋಟದ ಗೇಟಿನೊಳಗೆ ಭೇಟಿ ಮಾಡಿಸಬೇಡಿ. ಮೊದಲು ಬಂದ ನಾಯಿ ಆಗಲೇ ಅದನ್ನು ತನ್ನ ಜಾಗ ಮಾಡಿಕೊಂಡಿರುತ್ತದೆ. ಹೊರಗಿನ ರಸ್ತೆಯಲ್ಲಿ ಹತ್ತು-ಹದಿನೈದು ಮೀಟರ್ ಅಂತರ ಬಿಟ್ಟು, ಒಂದೇ ದಿಕ್ಕಿಗೆ, ಕಾಲು ತಾಸು ನಡೆಸಿ. ಅಂತರವನ್ನು ನಿಧಾನ ಕಡಿಮೆ ಮಾಡುತ್ತ ಬನ್ನಿ. ಮೂಗಿಗೆ ಮೂಗು ಹಚ್ಚಿ ‘ಫ್ರೆಂಡ್ ಮಾಡ್ಕೋ’ ಅನ್ನುವುದು ಜಗಳಕ್ಕೆ ಕೊಡುವ ಆಹ್ವಾನ. ಊಟ ಎರಡಕ್ಕೂ ಬೇರೆ ಬೇರೆ ಕೋಣೆಯಲ್ಲಿ.

ತೋಟ ಮುಟ್ಟಿದ ಮೇಲೆ ಮೊದಲ ಮುಕ್ಕಾಲು ತಾಸು ಹಗ್ಗ ಹಿಡಿದು ಬೇಲಿಯ ಗುಂಟ ಒಂದು ಸುತ್ತು. ನಾಯಿ ಮೂಸುತ್ತದೆ, ನೀವು ನೋಡಬೇಕಾದ್ದು ಬೇಲಿಯ ಕಂಡಿ, ಹೊಂಡ, ಹಾವಿನ ಹುತ್ತ, ಇಲಿ ಪಾಷಾಣ. ಆಮೇಲೆ ಅರ್ಧ ಊಟ, ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿ ನಿದ್ದೆ. ಮೊಮ್ಮಕ್ಕಳಿಗೆ ಹೇಳಿ: ಮಲಗಿದ, ತಿನ್ನುತ್ತಿರುವ ನಾಯಿಯನ್ನು ಮುಟ್ಟಬಾರದು. ಮಡಿ ನೋಡುವ ಅಜ್ಜಿಯರಿದ್ದರೆ ಅಡುಗೆಯ ಜಾಗಕ್ಕೆ ನಾಯಿ ಬಾರದಂತೆ ಮೊದಲೇ ಗೆರೆ ಹಾಕಿಕೊಳ್ಳುವುದು ಎಲ್ಲರ ನೆಮ್ಮದಿಗೂ ಒಳ್ಳೆಯದು. ಅವರನ್ನು ಒಪ್ಪಿಸಲು ಹೋಗಬೇಡಿ. ರವಿವಾರ ಮಧ್ಯಾಹ್ನದ ಹೊತ್ತಿಗೆ ಯಾರೂ ನೋಡದಾಗ ಆ ಅಜ್ಜಿಯೇ ರೊಟ್ಟಿಯ ಚೂರು ಒಗೆಯುತ್ತಿರುತ್ತಾರೆ.

ಆ ರೊಟ್ಟಿಯ ಬಗ್ಗೆಯೇ ಒಂದು ಮಾತು. ಬರೀ ಜೋಳದ ರೊಟ್ಟಿ, ಉಪ್ಪಿಲ್ಲದ ಅನ್ನ, ಮೊಸರು ನಡೆಯುತ್ತದೆ. ಎಣ್ಣೆಗಾಯಿ, ಝುಣಕ, ಮಸಾಲಿ ಯಾವುದೂ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಏಟು, ಹಾಗಾಗಿ ಶಿರಾ ಹಾಕಬೇಡಿ. ವಾರ್ಷಿಕೋತ್ಸವದ ಚಾಕಲೇಟ್ ಕೇಕೂ ಬೇಡ. ಬೇಯಿಸಿದ ಕೋಳಿಯ ಎಲುಬು ಸೂಜಿಯಂತೆ ಸೀಳಿ ಕರುಳಿಗೆ ಚುಚ್ಚುತ್ತದೆ. ತಟ್ಟೆ ಎತ್ತುವ ಕೆಲಸಕ್ಕೆ ಒಬ್ಬರನ್ನೇ ನೇಮಿಸಿ. ಎಲ್ಲರ ಕೆಲಸವಾದದ್ದು ಯಾರ ಕೆಲಸವೂ ಆಗುವುದಿಲ್ಲ.

ನಾಲ್ಕೂವರೆಯಿಂದ ಆರರವರೆಗೆ ಚೆನ್ನಾಗಿ ಅಡ್ಡಾಡಿಸಿ. ಕತ್ತಲಾಗುವ ಮುಂಚೆ ಬೇಲಿಯೊಳಗೆ. ಅರ್ಧ ತಾಸು ಬಿಟ್ಟು ಊಟ. ಉಂಡ ಮೇಲೆ ಒಂದು-ಒಂದೂವರೆ ತಾಸು ಓಡಿಸಬೇಡಿ. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದು ಇಂಥ ಹೊತ್ತಿನಲ್ಲೇ, ಮತ್ತು ಅದಕ್ಕೆ ಆಪರೇಶನ್ ಬಿಟ್ಟು ಬೇರೆ ದಾರಿ ಇಲ್ಲ. ಹೊಟ್ಟೆ ನಗಾರಿಯಂತೆ ಬಿಗಿದು, ವಾಂತಿಗೆ ಒದ್ದಾಡಿ ಏನೂ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಕೂಟ

ಏಳೂವರೆಯ ಹೊತ್ತಿಗೆ ನಾಯಿ ಕೌದಿಯ ಮೇಲೆ ಬಿದ್ದಿರುತ್ತದೆ. ಈಗ ಹಿರಿಯರ ಸರದಿ.

ಬೆಂಕಿ ಬೇಕೆಂದರೆ ತೋಟದವರು ಮೊದಲೇ ಮಾಡಿದ ಜಾಗದಲ್ಲಿ ಮಾತ್ರ. ಒಂದಡಿ ಆಳದ ಗುಂಡಿ, ಸುತ್ತ ಮೂರು ಮೀಟರ್ ತರಗೆಲೆ ಕೆರೆದ ನೆಲ, ಪಕ್ಕದಲ್ಲಿ ಎರಡು ಬಕೆಟ್ ನೀರು. ಬಿದಿರು ಹಾಕಬೇಡಿ. ಗಣ್ಣುಗಳ ನಡುವೆ ಸಿಕ್ಕ ಗಾಳಿ ಕಾದು ಪಟಾಕಿಯಂತೆ ಸಿಡಿಯುತ್ತದೆ, ನಾಯಿ ಬೆದರಿ ಹಗ್ಗ ಹರಿದುಕೊಂಡು ಓಡುತ್ತದೆ. ಫೆಬ್ರುವರಿ ನಂತರವಾದರೆ ಬೆಂಕಿಯ ವಿಚಾರವೇ ಬೇಡ. ರೆಕಾರ್ಡಿಂಗಿಗೂ ಬೆಂಕಿ ಶತ್ರು: ಚಟಚಟ ಸದ್ದು ಮಾತನ್ನು ನುಂಗುತ್ತದೆ. ನಮ್ಮ ಮತ ಕೇಳಿದರೆ ಬೆಂಕಿ ಊಟದ ಮುಂಚೆ ಅರ್ಧ ತಾಸು, ಮಾತುಕತೆ ಪಡಸಾಲೆಯಲ್ಲಿ. ಇಬ್ಬನಿಯೂ ತಪ್ಪುತ್ತದೆ.

ನಾಯಿಯ ಕೊರಳ ಗೆಜ್ಜೆ, ಬಿಲ್ಲೆ ಬಿಚ್ಚಿಡಿ. ಕೆರೆದುಕೊಂಡಾಗಲೆಲ್ಲ ಆಗುವ ಆ ಸದ್ದು ರೆಕಾರ್ಡಿಂಗಿನಲ್ಲಿ ಗಂಟೆಯಂತೆ ಕೇಳುತ್ತದೆ. ಫೋನನ್ನು ಏರೊಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲ್ಲಿನ ಮೇಲೆ, ಮಾತಾಡುವವರಿಂದ ಒಂದಡಿ ದೂರ ಇಡಿ. ಬರೀ ಧ್ವನಿ ಸಾಕು. 128 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ತಾಸಿನ ಧ್ವನಿ 60 ಎಂಬಿಯೊಳಗೆ ಮುಗಿಯುತ್ತದೆ. ಕ್ಯಾಮೆರಾ ಎದುರಿಟ್ಟರೆ ಅಪ್ಪ ಸೆಟೆದು ಕೂತು ಭಾಷಣ ಶುರು ಮಾಡುತ್ತಾರೆ, ಅವ್ವ ಸೆರಗು ಸರಿಮಾಡಿಕೊಂಡು ‘ಏನೂ ಇಲ್ಲೋ, ಎಲ್ಲಾರದೂ ಆದಂಗ ಆತು’ ಎನ್ನುತ್ತಾರೆ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಹೊಸ ಫೈಲು ಶುರು ಮಾಡಿ. ಒಂದು ಕೆಟ್ಟರೆ ಉಳಿದವು ಉಳಿಯುತ್ತವೆ.

‘ನಿಮ್ಮ ಮದುವಿ ಹೆಂಗಿತ್ತು?’ ಎಂದು ಕೇಳಿದರೆ ‘ಚೊಲೊ ಇತ್ತು’ ಎಂಬುದಕ್ಕಿಂತ ಹೆಚ್ಚು ಬರುವುದಿಲ್ಲ. ಕೈಗೆ ಸಿಗುವ ವಸ್ತುವನ್ನು ಕೇಳಿ. ಹಂದರಕ್ಕೆ ಗಳ ಎಲ್ಲಿಂದ ತಂದಿರಿ, ಯಾರ ಚಕ್ಕಡಿ? ಹೆಣ್ಣು ನೋಡಾಕ ಬಂದಾಗ ತಿನ್ನಾಕ ಏನು ಕೊಟ್ಟಿದ್ದರು, ಅವಲಕ್ಕಿನೋ ಉಪ್ಪಿಟ್ಟೋ? ಸುರಗಿ ನೀರಿಗೆ (ಮದುವೆ ಶಾಸ್ತ್ರದ ಸ್ನಾನಕ್ಕೆ) ಕೂತಾಗ ಚಳಿ ಆತೋ ಇಲ್ಲೋ? ಮೊದಲ ಪಂಕ್ತಿಗೆ ಹುಗ್ಗಿ ಸಾಲ್ತೋ, ಯಾರು ಮುನಿಸಿಕೊಂಡರು? ಬೀಗರ ಮುನಿಸಿಲ್ಲದ ಮದುವೆ ಧಾರವಾಡ ಸೀಮೆಯಲ್ಲಿ ಆಗಿಲ್ಲ, ಈ ಪ್ರಶ್ನೆಗೆ ಉತ್ತರ ಬಂದೇ ಬರುತ್ತದೆ. ಆಯೇರಿ ಪುಸ್ತಕದ ಒಂದೊಂದು ಹೆಸರು ಓದಿ ಸುಮ್ಮನಾಗಿ. ಸುಮ್ಮನಿರುವುದೇ ಕಷ್ಟದ ಭಾಗ: ಹಿರಿಯರು ನೆನಪಿಸಿಕೊಳ್ಳುವಾಗ ಬೀಳುವ ಐದಾರು ಸೆಕೆಂಡಿನ ಬಿಡುವನ್ನು ಮಕ್ಕಳು ಇನ್ನೊಂದು ಪ್ರಶ್ನೆಯಿಂದ ತುಂಬುತ್ತಾರೆ, ಬರುತ್ತಿದ್ದ ಮಾತು ಹಿಂದಕ್ಕೆ ಹೋಗುತ್ತದೆ.

ಗಂಡ-ಹೆಂಡತಿ ಒಬ್ಬರ ಕಥೆಯನ್ನು ಇನ್ನೊಬ್ಬರು ತಿದ್ದುತ್ತಾರೆ. ತಿದ್ದಲಿ, ಯಾರು ಸರಿ ಎಂದು ನಡುವೆ ತೀರ್ಪು ಕೊಡಬೇಡಿ. ತೀರಿಹೋದವರ ಫೋಟೊ ಬಂದಾಗ ದನಿ ಕಟ್ಟಿದರೆ ರೆಕಾರ್ಡಿಂಗ್ ನಿಲ್ಲಿಸಿ ನೀರು ಕೊಡಿ. ಎಷ್ಟೋ ಸಲ ನಾಯಿಯೇ ಎದ್ದು ಬಂದು ಮೊಣಕಾಲ ಮೇಲೆ ಗದ್ದ ಇಡುತ್ತದೆ. ಆಗ ‘ಹೋಗು’ ಅಂತ ಗದರಬೇಡಿ.

ಮಾತು ತಣ್ಣಗಾದರೆ ಒಡಪಿನಿಂದ ಎಬ್ಬಿಸಿ. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳದ ಕಾಲದ ಹೆಣ್ಣುಮಕ್ಕಳಿಗೆ ಒಡಪು ನಾಲಿಗೆಯ ತುದಿಯಲ್ಲೇ ಇರುತ್ತದೆ, ಒಬ್ಬರು ಶುರು ಮಾಡಬೇಕಷ್ಟೇ. ಸೊಸೆಯಂದಿರು ಮೊದಲು ಹೇಳಲಿ, ತಪ್ಪಾದರೆ ಅತ್ತೆ ತಾವೇ ಬಾಯಿ ಹಾಕುತ್ತಾರೆ. ಹೊಸದು ಕಟ್ಟುವುದೂ ಕಷ್ಟವಲ್ಲ. ಎರಡು ಸಾಲು, ಕೊನೆಗೆ ಒಂದೇ ಪ್ರಾಸ, ನಡುವೆ ಹೆಸರು: ‘ಪೇಡೆ ತಂದೇನಿ ಡಬ್ಬಿ ತುಂಬ, ಇಂಥವರ ಹೆಸರು ನನ್ನ ಬಾಯಿ ತುಂಬ.’ ಚೇಷ್ಟೆಗೆ ಬೇಕಾದರೆ: ‘ಕಾಡಿನಂಚಿಗೆ ಬಂದೇವಿ ನಾಯಿ ಕಟ್ಟಿಕೊಂಡು, ಇಂಥವರು ಕುಂತಾರ ನೋಡ್ರಿ ಮಾರಿ ಊದಿಸಿಕೊಂಡು.’ ಗಂಡಸರಿಂದಲೂ ಒಂದೊಂದು ಹೇಳಿಸಿ. ಅವರದು ಪ್ರಾಸ ತಪ್ಪುತ್ತದೆ, ಅದೇ ಮಜ.

ಒಂಬತ್ತೂವರೆಗೆ ಮುಗಿಸಿ. ಮಲಗುವ ಮುಂಚೆ ನಾಯಿಯನ್ನು ಹಗ್ಗ ಹಿಡಿದು, ಟಾರ್ಚ್ ಹಾಕಿಕೊಂಡು, ಬಾಗಿಲ ಮುಂದೆಯೇ ಮೂತ್ರಕ್ಕೆ ಬಿಡಿ. ದೊಡ್ಡ ಹುಲ್ಲಿನ ಕಡೆ ಹೋಗಬೇಡಿ. ಆಮೇಲೆ ಒಳಗೆ, ಬಾಗಿಲು ಹಾಕಿ. ರಾತ್ರಿ ನಾಯಿ ಗುರ್ ಎಂದರೆ ಬಾಗಿಲು ತೆರೆದು ನೋಡುವ ಶೂರತನ ಬೇಡ.

ಕೆಡುವುದು ಎಲ್ಲಿ

ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಕಾರಿಗೆ, ಕಾರಿನಿಂದ ಡಾಕ್ಟರಿಗೆ. ಹೆಚ್ಚಾಗಿ ಕಚ್ಚುವುದು ಮೂತಿಗೆ ಅಥವಾ ಮುಂಗಾಲಿಗೆ. ಊದಿದರೆ ಕೊರಳಪಟ್ಟಿ ಬಿಚ್ಚಿ. ಕಪ್ಪೆಗೆ ಬಾಯಿ ಹಾಕಿ ನೊರೆ ಬಂದರೆ ತಲೆ ಕೆಳಗೆ ಬಾಗಿಸಿ, ನೀರನ್ನು ಬಾಯಿಯ ಒಂದು ಬದಿಯಿಂದ ಹೊರಕ್ಕೆ ಹರಿಯುವಂತೆ ಹಾಕಿ ತೊಳೆಯಿರಿ. ಗಂಟಲಿಗೆ ಸುರಿಯಬೇಡಿ. ಪಾಷಾಣ ತಿಂದಿದೆ ಎಂಬ ಸಂಶಯ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ಇದೆ, ಅದು ತಪ್ಪು, ಉಪ್ಪೇ ವಿಷವಾಗುತ್ತದೆ. ಪಾಷಾಣದ ಪಾಕೀಟು ಸಿಕ್ಕರೆ ಜೊತೆಗೆ ಒಯ್ಯಿರಿ.

ಬಿಸಿಲು ಬಡಿದ ನಾಯಿ ತೂರಾಡುತ್ತದೆ, ಒಸಡು ಕಡುಗೆಂಪಾಗುತ್ತದೆ. ಮೈಬಿಸಿ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಪಾಯ. ನಲ್ಲಿಯ ನೀರನ್ನು ಮೈಮೇಲೆ ಸುರಿದು ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದೇ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. 103ಕ್ಕೆ ಇಳಿದಾಗ ನೀರು ನಿಲ್ಲಿಸಿ ಡಾಕ್ಟರ ಬಳಿ ಹೊರಡಿ. ಮೂತಿ ಚಪ್ಪಟೆಯಾದ ಪಗ್‌ನಂಥ ತಳಿಗಳಿಗೆ ಇದು ಡಿಸೆಂಬರಿನಲ್ಲೂ ಆಗಬಹುದು.

ರವಿವಾರದ ಫೋಟೊ, ಮತ್ತು ಆಮೇಲೆ

ಕುಟುಂಬದ ಫೋಟೊ ಬೆಳಿಗ್ಗೆ ಏಳರಿಂದ ಎಂಟರೊಳಗೆ. ಹಳೆಯ ಮದುವೆ ಫೋಟೊದಂತೆಯೇ ಎರಡು ಕುರ್ಚಿ ಹಾಕಿ, ಅದೇ ಕಡೆ ಅವರು, ಅದೇ ಕಡೆ ಇವರು. ಧಾರೆಯ ಇಳಕಲ್ ಸೀರೆ ತಂದಿದ್ದರೆ ಅವ್ವ ಉಟ್ಟುಕೊಳ್ಳಲಿ, ಆದರೆ ನಾಯಿ ಸೀರೆಯ ಬದಿಗಲ್ಲ, ಧೋತರದ ಬದಿಗೆ. ಅದರ ಟೋಪ ತೆನಿ ಎಂಬ ವಿನ್ಯಾಸದ ಸೆರಗಿಗೆ ಉಗುರು ಸಿಕ್ಕರೆ ರೇಷ್ಮೆಯ ಎಳೆ ಮರಳಿ ಕೂರುವುದಿಲ್ಲ. ಎಲ್ಲರೂ ನಿಂತು, ಮಕ್ಕಳ ತಲೆ ಬಾಚಿ ಆದ ಮೇಲೆ ಕೊನೆಗೆ ನಾಯಿ. ಅದರ ತಾಳ್ಮೆ ಎರಡು ನಿಮಿಷ. ಫೋನು ನಾಯಿಯ ಕಣ್ಣಿನ ಎತ್ತರಕ್ಕಿರಲಿ, ಪಕ್ಕದಲ್ಲಿ ಬಿಸ್ಕೀಟು ಹಿಡಿದವರು ಒಬ್ಬರು. ಕರಿ ನಾಯಿಯಾದರೆ ಪರದೆಯಲ್ಲಿ ಅದರ ಮುಖದ ಮೇಲೆ ಒತ್ತಿ, ಬೆಳಕು ತುಸು ಏರಿಸಿ.

ಹೊರಡುವ ಮುಂಚೆ ಮತ್ತು ಮನೆಗೆ ಬಂದ ಮೇಲೆ ಉಣ್ಣಿ ಹುಡುಕಿ: ಕಿವಿಯೊಳಗೆ, ಬೆರಳ ಸಂದಿ, ಕಂಕುಳು, ತೊಡೆಯ ಸಂದಿ, ಪಟ್ಟಿಯ ಕೆಳಗೆ, ಬಾಲದ ಬುಡ. ಚರ್ಮಕ್ಕೆ ತೀರ ಹತ್ತಿರ ಚಿಮಟದಿಂದ ಹಿಡಿದು, ತಿರುವದೆ ನೇರಕ್ಕೆ ಎಳೆದು ಸ್ಪಿರಿಟ್ ಶೀಶೆಗೆ ಹಾಕಿ. ಸೀಮೆಎಣ್ಣೆ, ಊದುಬತ್ತಿಯ ಕೆಂಡ ಬೇಡ. ಸಾಯುವ ಉಣ್ಣಿ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೆ ಕಾರುತ್ತದೆ. ಬರಿಗೈಯಲ್ಲಿ ಚಿವುಟಬೇಡಿ. ಮನುಷ್ಯರೂ ಮೈ ನೋಡಿಕೊಳ್ಳಬೇಕು. ಉತ್ತರ ಕನ್ನಡದ ಕೆಲವು ತಾಲೂಕುಗಳಲ್ಲಿ ಡಿಸೆಂಬರಿನಿಂದ ಮೇವರೆಗೆ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಕಾಲ. ಹೋದ ಕಡೆ ಮಂಗ ಸತ್ತು ಬಿದ್ದದ್ದು ಕಂಡಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಎರಡು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ನಾಯಿ ಎರಡು-ಮೂರು ವಾರದಲ್ಲಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಕಂಡರೆ ಅದು ಉಣ್ಣಿ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ.

ರೆಕಾರ್ಡಿಂಗ್ ಸೋಮವಾರವೇ ಕಂಪ್ಯೂಟರಿಗೆ, ಪೆನ್ ಡ್ರೈವಿಗೆ, ಬೇರೆ ಊರಿನಲ್ಲಿರುವ ತಂಗಿಯ ಫೋನಿಗೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಫೋಟೊಗಳು ಕುಗ್ಗುತ್ತವೆ. ಫೈಲಿನ ಹೆಸರು ‘ರೆಕಾರ್ಡಿಂಗ್ 14’ ಎಂದೇ ಬಿಡದೆ, ಯಾರ ಮಾತು, ಯಾವ ಫೋಟೊ ನಂಬರು ಎಂದು ಬರೆಯಿರಿ: ‘ಅವ್ವ, ಹಂದರದ ಗಳ, ಫೋಟೊ 11’. ಗುಂಪಿನ ಫೋಟೊದಲ್ಲಿ ಹೆಸರು ಗೊತ್ತಾಗದೆ ಉಳಿದವರ ಸುತ್ತ ಪೆನ್ಸಿಲಿನಲ್ಲಿ ಗುಂಡು ಹಾಕಿ, ಆ ಪ್ರತಿಯನ್ನು ಅವ್ವನ ತವರುಮನೆಗೆ ಮುಂದಿನ ಸಲ ಹೋಗುವಾಗಿನ ಚೀಲದಲ್ಲೇ ಇಟ್ಟುಬಿಡಿ.